ಸುಣ್ಣ ಕಾಣದ ಮಣ್ಣು

ಆ ದಿನ ಬೆಳಿಗ್ಗೆ ಎದ್ದವಳೇ ಹಂಡೆಯ ಒಲೆ ಹೊತ್ತಿಸಿದೆ. ಎರಡು ಹಸುಗಳ ಹಾಲು ಕರೆದೆ. ಕಣದಲ್ಲಿ ಕಾಫಿ ರಾಶಿಗೆ ಹೊದಿಸಿದ್ದ ಟಾರ್ಪಾಲಿನ ಇಬ್ಬನಿ ಕೊಡವಿ ಮಡಚಿಟ್ಟೆ. ಕೆಲಸದವರಿಗೆ ಕಾಫಿ ಕೊಟ್ಟು, ರಾಶಿ ಹರಡಲು ಹೇಳಿದೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ ಬಿಸಿನೀರು ಹುಯ್ದೆ. ಅಕ್ಕಿ ತರಿ ಬೇಯಿಸಿ ಕಡುಬಿನ ಉಂಡೆ ಕಟ್ಟಿದೆ. ನಾಟಿ ಕೋಳಿ ಸಾರಿಗೆ ಕಾಯಿ ತುರಿದು ಮಸಾಲೆ ರುಬ್ಬಿದೆ. ಜಗಲಿ ಸಾರಿಸಿದೆ. ಇಷ್ಟೆಲ್ಲ ಆದ ಮೇಲೆ ಹಿತ್ತಿಲಿನಿಂದ ಒಂದು ಗಿಡ ಎತ್ತಿ ತಂದು ಜಗಲಿಯ ಮೇಲಿಟ್ಟು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿದೆ. ಅಡ್ಡಡ್ಡ ಕತ್ತರಿಸಿದ ಸೀಮೆಎಣ್ಣೆ ಡಬ್ಬದಲ್ಲಿ ಅದು ಮೊಣಕೈಯುದ್ದ ಬೆಳೆದಿತ್ತು. ಮಧ್ಯಾಹ್ನದ ಊಟಕ್ಕೆ ಪಕ್ಕದ ತೋಟದ ಭಾವ ಬರುವವರಿದ್ದರು, ಊಟ ಮಾಡಿ ಆ ಗಿಡ ತೆಗೆದುಕೊಂಡು ಹೋಗುವವರಿದ್ದರು. ನಮ್ಮ ಮನೆಯಿಂದ ಆ ಜಾತಿಯ ಗಿಡ ಹೊರಗೆ ಹೋಗುತ್ತಿದ್ದುದು ಅದೇ ಮೊದಲು. ಅತ್ತೆ ಅದಕ್ಕೆ ಒಪ್ಪಿದ್ದಾರೋ ಇಲ್ಲವೋ ಎನ್ನುವುದು ಮಾತ್ರ ನನಗೆ ಇನ್ನೂ ಗೊತ್ತಿರಲಿಲ್ಲ.

ಗಿಡದ ಹೆಸರು ರೋಡೋಡೆಂಡ್ರಾನ್. ನಮ್ಮ ಕಡೆಯ ಬಂಗಲೆಗಳಲ್ಲಿ ಕುಂಡದಲ್ಲಿ ಬೆಳೆಸುವ ಅಜೇಲಿಯಾ ಇದರ ತಂಗಿಯಿದ್ದಂತೆ. ಇದರ ಎಲೆ ದೊಡ್ಡದು, ದಪ್ಪ, ಮೇಲೆ ಎಣ್ಣೆ ಸವರಿದ ಹಾಗೆ ಹೊಳಪು. ಸಂಕ್ರಾಂತಿ ಕಳೆದ ಮೇಲೆ ಕೊಂಬೆಯ ತುದಿಯಲ್ಲಿ ಮೊಗ್ಗು ಉಬ್ಬುತ್ತದೆ, ಫೆಬ್ರವರಿಯಲ್ಲಿ ಒಂದೊಂದು ತುದಿಗೂ ಒಂದೊಂದು ಕೆಂಪು ಗೊಂಚಲು. ಹೊಂಗಡಹಳ್ಳದ ರಸ್ತೆಯಲ್ಲಿ ಹೋಗುವ ಬಸ್ಸಿನವರು ನಮ್ಮ ಮನೆ ತಿರುವಿನಲ್ಲಿ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಸುತ್ತ ಯಾರ ಮನೆಯಲ್ಲೂ ಅದು ಇರಲಿಲ್ಲ. ಮನೆಯಲ್ಲಿ ನಾವು ಅದಕ್ಕೆ ಹೆಸರು ಹಿಡಿದು ಕರೆದವರೇ ಅಲ್ಲ. ಹದಿನೆಂಟು ಎಕರೆ ತೋಟದ ತುಂಬ ಗಿಡಗಳಿದ್ದರೂ 'ಗಿಡ' ಎಂದರೆ ಅದೊಂದೇ.

ಅದು ಅತ್ತೆಯ ತವರಿನ ಗಿಡ. ಅತ್ತೆಯ ತಂದೆ ಹೆಗ್ಗದ್ದೆಯ ಕೆಳಗೆ ಘಾಟಿಯ ಅಂಚಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬಂಗಲೆಯ ಮುಂದೆ ಇಂಥ ಗಿಡಗಳ ಸಾಲೇ ಇತ್ತಂತೆ. ಮದುವೆಯಾಗಿ ಬರುವಾಗ ಅತ್ತೆ ಒಂದು ಬೇರು ಬಿಟ್ಟ ಮರಿಯನ್ನು ಬುಟ್ಟಿಯಲ್ಲಿಟ್ಟು, ಎತ್ತಿನ ಗಾಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದರು. ಆಮೇಲೆ ಎಸ್ಟೇಟು ಕೈ ಬದಲಾಯಿತು. ಹೊಸಬರು ಕಣ ದೊಡ್ಡದು ಮಾಡಲು ಆ ಸಾಲನ್ನು ಕಿತ್ತುಹಾಕಿದರು. ಉಳಿದದ್ದು ನಮ್ಮ ಅಂಗಳದ ಒಂದು.

ನಮ್ಮ ಸುತ್ತಿನ ಹೆಂಗಸರು ಹೂವಿನ ಗಿಡ ದುಡ್ಡು ಕೊಟ್ಟು ತಂದವರಲ್ಲ. ಮದುವೆಗೋ ತಿಥಿಗೋ ಹೋದ ಮನೆಯಲ್ಲಿ ಕೈತೊಳೆಯುವ ನೆಪದಲ್ಲಿ ಅಂಗಳಕ್ಕಿಳಿದು ಒಂದು ಕೊಂಬೆ ಮುರಿದು ಸೆರಗಿನೊಳಗೆ ಇಟ್ಟುಕೊಳ್ಳುವುದು. ಕೇಳದೆ ತಂದದ್ದು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಬೇರೆ. ದಾಸವಾಳ, ಗುಲಾಬಿ, ಕ್ರೋಟನ್ ಎಲ್ಲ ಹೀಗೇ ಮನೆಯಿಂದ ಮನೆಗೆ ನಡೆದದ್ದು. ಅತ್ತೆಯ ಗಿಡದ ಕೊಂಬೆಗಳೂ ಎಷ್ಟೋ ಸೆರಗಿನಲ್ಲಿ ಹೋಗಿದ್ದವು. ಒಂದೂ ಬೇರು ಬಿಡಲಿಲ್ಲ. ಕೇಳಿ ಬಂದವರಿಗೆ ಅತ್ತೆ ಕೊಡಲೇ ಇಲ್ಲ. ನನ್ನ ಸ್ವಂತ ನಾದಿನಿಗೂ, ಅಂದರೆ ಅವರ ಮಗಳಿಗೂ ಕೊಟ್ಟಿರಲಿಲ್ಲ. ನನಗೂ ಮುಟ್ಟಲು ಬಿಡುತ್ತಿರಲಿಲ್ಲ. ಹುಳಿ ಮಜ್ಜಿಗೆಯ ಮಡಕೆ ತೊಳೆದ ನೀರು, ಹುಣಸೆಹಣ್ಣು ಹಾಕಿ ದೀಪ ತಿಕ್ಕಿದ ನೀರು, ಇವನ್ನು ಅದರ ಬುಡಕ್ಕೆ ಹುಯ್ಯುವ ಕೆಲಸ ಅವರದೇ. ಮಂಡಿ ನೋವು ಜಾಸ್ತಿಯಾದ ವರ್ಷ ಚೊಂಬನ್ನು ನನ್ನ ಕೈಗೆ ಕೊಟ್ಟರು. ಕೊಟ್ಟು, ಜಗಲಿಯ ಮೇಲೆ ಕೂತು, ನಾನು ಹುಯ್ಯುವುದನ್ನು ನೋಡುತ್ತಿದ್ದರು. ನನಗೆ ಅಷ್ಟೇ ಸಾಕಾಗಿತ್ತು. ಮದುವೆಯಾಗಿ ಹದಿನಾರು ವರ್ಷಕ್ಕೆ ಗಿಡ ನನ್ನ ಕೈಗೆ ಬಂದಿತ್ತು.

ಕಲಿಯುವುದು ಬಹಳ ಇತ್ತು. ಬುಡದಲ್ಲಿ ಗುದ್ದಲಿ ಆಡಿಸಬಾರದು, ಬೇರು ಮೇಲೆಯೇ ಚಾಪೆಯ ಹಾಗೆ ಹಾಸಿರುತ್ತದೆ. ಕಳೆಯನ್ನು ಕೈಯಲ್ಲೇ ಕೀಳಬೇಕು. ಹೂ ಒಣಗಿದ ಮೇಲೆ ಗೊಂಚಲನ್ನು ಬೆರಳಲ್ಲಿ ಬಾಗಿಸಿ ಮುರಿಯಬೇಕು, ಕೆಳಗಿನ ಚಿಗುರು ಮುರಿಯದಂತೆ. ಬೇಸಿಗೆಯಲ್ಲಿ ಸಿಲ್ವರ್ ಓಕ್ ಮರದ ತರಗು ದಪ್ಪಕ್ಕೆ ಹರಡಬೇಕು. ಮಳೆಗಾಲದಲ್ಲಿ ನೀರು ನಿಲ್ಲಬಾರದು. ಒಂದನ್ನೂ ಅತ್ತೆ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ತಪ್ಪು ಮಾಡಿದಾಗ ಜಗಲಿಯಿಂದ ಒಂದು ಕೆಮ್ಮು ಬರುತ್ತಿತ್ತು, ಕೈ ಹಿಂದಕ್ಕೆ ತೆಗೆಯುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್‌ನಲ್ಲಿ ನನ್ನ ತಂಗಿಯ ಬಾಣಂತನಕ್ಕೆಂದು ಆಲೂರಿಗೆ ಹೋದೆ. ತಿಂಗಳ ಮೇಲಾಯಿತು ಬರುವುದು. ಬಂದು ಗೇಟು ತೆಗೆದರೆ ಗಿಡದ ಸುತ್ತ ಅಚ್ಚುಕಟ್ಟಾದ ಬಿಳಿ ಉಂಗುರ. ನಮ್ಮ ಮನೆಯವರು ಸುಣ್ಣ ಹಾಕಿದ್ದರು.

ನಮ್ಮವರನ್ನು ಬೈಯುವ ಮುಂಚೆ ಒಂದು ಮಾತು ಹೇಳಬೇಕು. ನಮ್ಮ ಮಣ್ಣು ಹುಳಿ ಮಣ್ಣು. ವರ್ಷಕ್ಕೆ ನೂರು ಇಂಚು ಸುರಿಯುವ ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದು ಹುಳಿ ಉಳಿಸಿ ಹೋಗುತ್ತದೆ. ಅದಕ್ಕೆ ಸುಣ್ಣ ಹಾಕಿದರೆ ಕಾಫಿ ಗಿಡಕ್ಕೆ ಗೊಬ್ಬರ ಹಿಡಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಅಳತೆ ನೋಡಿ, ತಪ್ಪದೆ ಸುಣ್ಣ ಹಾಕಿದವರಲ್ಲಿ ನಮ್ಮ ಸುತ್ತಿನಲ್ಲಿ ಇವರೇ ಮೊದಲಿಗರು. ಆ ವಿಷಯದಲ್ಲಿ ಅವರಿಗೆ ಹೆಮ್ಮೆ, ನನಗೂ ಹೆಮ್ಮೆ. ನಮ್ಮ ತೋಟದ ಎಲೆಯ ಹಸಿರು ರಸ್ತೆಗೇ ಕಾಣುತ್ತಿತ್ತು. ಸುಣ್ಣ ಹಾಕದವರನ್ನು ಕಂಡರೆ ಇವರಿಗೆ ತಡೆಯುತ್ತಿರಲಿಲ್ಲ. ಅದರಲ್ಲೂ ಪಕ್ಕದ ತೋಟದ ಭಾವನನ್ನು. ದೂರದ ದಾಯಾದಿ, ವಯಸ್ಸಿನಲ್ಲಿ ಇವರಿಗಿಂತ ಹಿರಿಯರು, ಹೆಂಡತಿ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಇದ್ದರು. ತೋಟ ತನ್ನಷ್ಟಕ್ಕೆ ಬೆಳೆಯಲಿ ಎನ್ನುವ ಆಸಾಮಿ. ಅವರ ತೋಟಕ್ಕೆ ಇವರು ಇಟ್ಟಿದ್ದ ಹೆಸರು 'ಸೋಮಾರಿ ಕಾಡು'. ಸಂತೆಯಲ್ಲಿ ಸಿಕ್ಕರೂ, ಮದುವೆ ಮನೆಯ ಪಂಕ್ತಿಯಲ್ಲಿ ಸಿಕ್ಕರೂ, ಇವರದು ಒಂದೇ ಉಪದೇಶ, ಸುಣ್ಣ ಹಾಕಣ್ಣ, ಸುಣ್ಣ ಹಾಕು.

ಅಂಥವರು ನಾನಿಲ್ಲದ ಹೊತ್ತು ನನ್ನ ಮೇಲಿನ ಅಭಿಮಾನಕ್ಕೆ ಗಿಡಕ್ಕೂ ಹಾಕಿದ್ದರು. ಒಂದು ಸಲ ಅಲ್ಲ, ಎರಡು ಸಲ.

"ನಿನ್ನ ಗಿಡಕ್ಕೂ ಹಾಕ್ಬುಟ್ಟಿದ್ದೀನಿ ಕಣೆ. ನೋಡ್ತಿರು, ಈ ಸಲ ಹೆಂಗೆ ಬರ್ತದೆ" ಎಂದರು.

ನನಗೂ ಆಗ ಸಂತೋಷವೇ ಆಯಿತು. ಕಾಫಿಗೆ ಆಗುವುದು ಇದಕ್ಕೆ ಯಾಕಾಗಬಾರದು ಎಂದುಕೊಂಡೆ. ಅತ್ತೆಯೂ ಏನೂ ಅನ್ನಲಿಲ್ಲ. ತೋಟದ ವಿಷಯದಲ್ಲಿ ಅವರು ಮಗನ ಮಾತಿಗೆ ಎದುರಾಡಿದವರಲ್ಲ. ಮೇ ಕೊನೆಗೆ ಮಳೆ ಹಿಡಿಯಿತು. ಬಿಳಿ ಉಂಗುರ ಕರಗಿ ಮಣ್ಣಿಗಿಳಿಯಿತು.

ಜುಲೈನಲ್ಲಿ ಒಂದು ಸೋಜಿಗ ನಡೆಯಿತು. ಗಿಡದ ಪಕ್ಕದಲ್ಲೇ ಒಂದು ಹೈಡ್ರಾಂಜಿಯಾ ಇತ್ತು, ಪ್ರತಿ ಮಳೆಗಾಲ ಚೆಂಡು ಚೆಂಡು ನೀಲಿ ಹೂ ಬಿಡುತ್ತಿದ್ದದ್ದು. ಆ ವರ್ಷ ಗುಲಾಬಿ ಬಣ್ಣದಲ್ಲಿ ಅರಳಿತು. ನೋಡಿದವರೆಲ್ಲ ಹೊಸ ಗಿಡ ತಂದಿರಾ ಎಂದು ಕೇಳಿದರು. ನಾನೂ ಹೆಮ್ಮೆಯಿಂದ, ಇಲ್ಲ, ಅದಾಗಿ ಬಣ್ಣ ಬದಲಾಯಿಸಿದೆ ಎಂದು ಹೇಳಿಕೊಂಡು ತಿರುಗಿದೆ. ಅದು ನನಗೇ ಏನೋ ಹೇಳುತ್ತಿದೆ ಎಂದು ಹೊಳೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟಾಗ ಗಿಡದ ಹೊಸ ಎಲೆಗಳು ಹಳದಿಯಾದವು. ನರ ಮಾತ್ರ ಹಸಿರು, ನಡುವೆಲ್ಲ ಅರಿಶಿನ. ಆಮೇಲೆ ಅಂಚು ಕಂದಾಗಿ ಮುದುಡತೊಡಗಿತು. ಇವರು ಗೊಬ್ಬರ ಸಾಲದು ಎಂದರು. ಇನ್ನೊಂದು ಬೊಗಸೆ ಸುಣ್ಣ ಹಾಕೋಣವೇ ಎಂದೂ ಕೇಳಿದರು. ಅತ್ತೆ ಅಂಗಳಕ್ಕಿಳಿದು ಬಂದು, ಮಂಡಿಯ ಮೇಲೆ ಕೈಯೂರಿ ಬಗ್ಗಿ ಎಲೆ ಹಿಡಿದು ನೋಡಿದರು.

"ಇದು ಹಸಿದೈತೆ. ಮುಂದೆ ತಟ್ಟೆ ಇಟ್ಟಿದ್ರೂ ಬಾಯಿ ಕಟ್ಟಿದಂಗೆ ಕೂತೈತೆ" ಎಂದರು.

ಅಷ್ಟು ಹೇಳಿ ಒಳಗೆ ಹೋದರು. ಸಂಜೆ ಕಾಫಿಗೂ ಬರಲಿಲ್ಲ. ಇನ್ನೆಲ್ಲೂ ಇಲ್ಲದ ಗಿಡ ಅದು. ಹೋದರೆ ಅವರ ತವರಿನದು ಎನ್ನುವುದು ನಮ್ಮ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಆ ವಾರವೇ ಭಾವನ ಮೊಮ್ಮಗಳ ನಾಮಕರಣಕ್ಕೆ ಹೋದೆ. ಅವರ ಗೇಟಿನ ಪಕ್ಕ ಹೈಡ್ರಾಂಜಿಯಾದ ಕೊನೆಯ ಹೂಗಳಿದ್ದವು. ಗಾಢ ನೀಲಿ, ಶಾಯಿ ಚೆಲ್ಲಿದ ಹಾಗೆ. ನಿಂತುಬಿಟ್ಟೆ. ಆ ಗಿಡವನ್ನು ಭಾವನ ಹೆಂಡತಿ ನಮ್ಮ ಅಂಗಳದಿಂದಲೇ ಕೊಂಬೆ ಮುರಿದು ತಂದು ನೆಟ್ಟದ್ದು. ಒಂದೇ ಗಿಡದ ಎರಡು ಕೊಂಬೆ, ಇಲ್ಲಿ ನೀಲಿ, ಅಲ್ಲಿ ಗುಲಾಬಿ. ನಡುವೆ ಬದಲಾದದ್ದು ಏನು? ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದೆ. ಭಾವನ ಮಣ್ಣು ಸುಣ್ಣ ಕಂಡದ್ದೇ ಇಲ್ಲ. ಅತ್ತೆ ನಲವತ್ತು ವರ್ಷ ಆ ಗಿಡಕ್ಕೆ ಹುಯ್ದದ್ದೆಲ್ಲ ಹುಳಿ: ಮಜ್ಜಿಗೆ, ಹುಣಸೆ. ನಾವು ಹಾಕಿದ್ದು ಹುಳಿ ಮುರಿಯುವ ಸುಣ್ಣ. ಮನೆಗೆ ಬಂದು ಸೀರೆ ಕೂಡ ಬದಲಾಯಿಸದೆ ಇವರಿಗೆ ಹೇಳಿದೆ. ಇವರು ನಂಬಲಿಲ್ಲ. ಮಣ್ಣು ಪರೀಕ್ಷೆಯ ಹಳೆಯ ಕಾಗದಗಳನ್ನು ತೆಗೆದು ಹರಡಿಕೊಂಡು, ಕನ್ನಡಕ ಹಾಕಿ, ಊಟದ ಹೊತ್ತಿನವರೆಗೆ ಕೂತಿದ್ದರು. ಆಮೇಲೆ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ನೀನು ಹೇಳಿದ್ದೇ ಸರಿ ಇರಬಹುದು ಎಂದರು. ಮದುವೆಯಾದಾಗಿನಿಂದ ಮಣ್ಣಿನ ವಿಷಯದಲ್ಲಿ ಇವರು ನನಗೆ ಹಾಗೆ ಹೇಳಿದ್ದು ಅದೊಂದೇ ಸಲ. ಆ ಮಾತನ್ನು ಇವತ್ತಿಗೂ ಜೋಪಾನ ಮಾಡಿಟ್ಟುಕೊಂಡಿದ್ದೇನೆ.

ದಾರಿ ಒಂದೇ ಇತ್ತು. ಗಿಡವನ್ನು ಎತ್ತಿ, ಬೇರು ತೊಳೆದು, ಗುಂಡಿಯ ಮಣ್ಣೆಲ್ಲ ತೆಗೆದು, ಸುಣ್ಣ ಕಾಣದ ಮಣ್ಣು ತುಂಬಿ ಮತ್ತೆ ನೆಡಬೇಕು. ಆದರೆ ಸುಣ್ಣ ಕಾಣದ ಮಣ್ಣು ನಮ್ಮಲ್ಲಿ ಎಲ್ಲಿತ್ತು? ಇವರ ಕೈ ಹಿತ್ತಿಲಿನ ತರಕಾರಿ ಮಡಿಯನ್ನೂ ಬಿಟ್ಟಿರಲಿಲ್ಲ. ಮೇಲಿನ ಮೂಲೆಯಲ್ಲಿ ದೇವರ ಬನವಿತ್ತು. ಅಲ್ಲಿಂದ ಒಂದು ತರಗೆಲೆಯನ್ನೂ ತರುವ ಹಾಗಿಲ್ಲ, ನಾವು ಆ ಮಾತು ಎತ್ತಲೂ ಇಲ್ಲ. ಉಳಿದದ್ದು ಸೋಮಾರಿ ಕಾಡು.

ಇವರು ಎರಡು ದಿನ ಹಿಂದೆಮುಂದೆ ನೋಡಿದರು. ಮೂರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಒಬ್ಬರೇ ಹೋದರೆ ಬಾಯಿ ಬರುವುದಿಲ್ಲ ಎಂದು ನಾನೂ ಜೊತೆಗೆ ಹೋದೆ. ಭಾವ ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದರು. ಇವರು ಮಳೆ, ಕಾಫಿಯ ಕಾಯಿ, ರಸ್ತೆ ಎಲ್ಲ ಮಾತಾಡಿ ಮುಗಿಸಿ, ಕೊನೆಗೆ ನೆಲ ನೋಡುತ್ತಾ ಎರಡು ಟ್ರೈಲರ್ ಮಣ್ಣು ಬೇಕಿತ್ತು ಎಂದರು. ಯಾಕೆ ಎಂದು ಭಾವ ಕೇಳಿದರು. ಇವರು ಹೇಳಿದರು. ಭಾವ ಕುಡುಗೋಲು ಕೆಳಗಿಟ್ಟರು.

"ಮದುವೆ ಮನೇಲಿ ಎಲೆ ಮುಂದೆ ಕೂತಿದ್ದಾಗ್ಲೂ ಸುಣ್ಣ ಹಾಕು ಅಂದೋನು ನೀನು. ಈಗ ಸುಣ್ಣ ಹಾಕ್ದೇ ಇರೋ ಮಣ್ಣು ಬೇಕು ಅಂತ ನಮ್ಮನೆಗೇ ಬಂದಿದ್ದೀಯ. ಎಲ್ಲಿ, ಇನ್ನೊಂದ್ಸಲ ಹೇಳು ಮಾರಾಯ, ಒಳಗಿರೋರ್ಗೂ ಕೇಳ್ಲಿ."

ಇವರು ಇನ್ನೊಂದು ಸಲ ಹೇಳಿದರು. ಸ್ವಲ್ಪ ಜೋರಾಗಿಯೇ. ಒಳಗಿನಿಂದ ಸೊಸೆ ನಕ್ಕದ್ದು ಕೇಳಿಸಿತು. ನಮ್ಮವರನ್ನು ನಾನು ಮೆಚ್ಚಿದ ದಿನಗಳಲ್ಲಿ ಅದೂ ಒಂದು. ತಾಯಿಯ ಗಿಡಕ್ಕಾಗಿ ಅಂಥ ಮನುಷ್ಯ ಅಷ್ಟು ಬಗ್ಗಿದರು.

ಭಾವ ಮಣ್ಣು ಕೊಟ್ಟರು. ಹಲಸಿನ ಮರದ ಕೆಳಗಿನದು, ತರಗು ಕೊಳೆತು ಕಪ್ಪಗಾಗಿ ಕೈಯಲ್ಲಿ ಹಿಡಿದರೆ ಪುಡಿಯಾಗುವಂಥದು. ತಾವೇ ಬಂದು ಇಳಿಸಿಕೊಟ್ಟರು. ಬದಲಿಗೆ ಅವರು ಕೇಳಿದ್ದು ಒಂದೇ, ಜಗಲಿಯ ಮೇಲೆ ಕೂತಿದ್ದ ಅತ್ತೆಯನ್ನು.

"ಚಿಕ್ಕವ್ವ, ಇದು ಬದುಕಿದ್ರೆ ನಂಗೊಂದು ಮರಿ ಕೊಡ್ಬೇಕು. ನಮ್ಮನೆಯೋಳು ನಾಲ್ಕು ಸಲ ಇದ್ರ ಕೊಂಬೆ ಕದ್ದು ನೆಟ್ಟಿದ್ಲು. ಬರ್ಲೇ ಇಲ್ಲ."

ಅತ್ತೆ ಗಿಡದ ಕಡೆ ನೋಡುತ್ತಾ ಕೂತಿದ್ದರು.

ಅಕ್ಟೋಬರಿನ ಒಂದು ಮೋಡದ ದಿನ ಗಿಡ ಎತ್ತಿದೆವು. ಇವರು ಮತ್ತು ಭಾವ ಸುತ್ತ ಅಗೆದರು, ಕೆಳಗೆ ಗೋಣಿತಾಟು ತೂರಿಸಿದೆವು, ನಾಲ್ಕು ಮೂಲೆ ಹಿಡಿದು ಪಕ್ಕಕ್ಕಿಟ್ಟೆವು. ಸೂರಿನ ಕೆಳಗೆ ಡ್ರಮ್ಮಿನಲ್ಲಿ ಹಿಡಿದಿದ್ದ ಮಳೆನೀರಿನಲ್ಲಿ ನಾನು ಬೇರು ತೊಳೆದೆ. ಕೂದಲಿನಷ್ಟು ಸಣ್ಣ ಬೇರು. ನಡುವೆ ಸುಣ್ಣದ ಹರಳುಗಳು ಇನ್ನೂ ಸಿಕ್ಕಿಕೊಂಡಿದ್ದವು. ಒಂದೊಂದನ್ನೂ ಉಗುರಿನಲ್ಲಿ ತೆಗೆದೆ, ಮಗುವಿನ ತಲೆಯಿಂದ ಹೇನು ತೆಗೆಯುವ ಹಾಗೆ. ಬೆಳಿಗ್ಗೆ ಕೂತವಳು ಮೂರು ಗಂಟೆಗೆ ಎದ್ದೆ. ಅತ್ತೆ ಆ ಹೊತ್ತಿನವರೆಗೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಒಂದು ಸಲವೂ ಕೆಮ್ಮಲಿಲ್ಲ.

ನೆಟ್ಟ ಮೇಲೆ ನಾನೊಂದು ಕೆಲಸ ಮಾಡಿದೆ. ಗಿಡ ಉಳಿಯದೆ ಹೋದರೆ ಎಂಬ ಭಯ ಇದ್ದೇ ಇತ್ತು. ಮುರಿದ ಕೊಂಬೆ ಬೇರು ಬಿಡುವುದಿಲ್ಲ, ಸರಿ. ಮುರಿಯದೆ ತಾಯಿಯ ಮೇಲೇ ಇರುವ ಕೊಂಬೆ? ಕೆಳಗಿನ ಮೂರು ಕೊಂಬೆ ಬಗ್ಗಿಸಿ, ಅಡಿಭಾಗದಲ್ಲಿ ಬ್ಲೇಡಿನಿಂದ ಸಣ್ಣದಾಗಿ ಗಾಯ ಮಾಡಿ, ಭಾವನ ಮಣ್ಣು ತುಂಬಿದ ಸೀಮೆಎಣ್ಣೆ ಡಬ್ಬಗಳಲ್ಲಿ ಹೂತು, ಏಳದಂತೆ ಮೇಲೆ ಕಲ್ಲು ಹೇರಿದೆ. ಮರಕ್ಕೆ ಹಿಡಿದ ಹಸಿ ಪಾಚಿ ತಂದು ಮುಚ್ಚಿದೆ. ದಿನಾ ಮುಟ್ಟಿ ನೋಡುತ್ತಿದ್ದೆ, ಒಣಗಿದೆಯೋ ಎಂದು. ಎಳೆದು ನೋಡಬೇಕು ಅನ್ನಿಸುತ್ತಿತ್ತು, ಎಳೆಯುತ್ತಿರಲಿಲ್ಲ. ಒಂದು ವರ್ಷ ಕಳೆಯಿತು. ಏನೂ ಇಲ್ಲ. ನಾದಿನಿ ಬಂದವಳು, "ಅತ್ಗೆ, ಡಬ್ಬಕ್ಕೆ ತುಕ್ಕು ಬಂತು, ಗಿಡಕ್ಕೆ ಬೇರು ಬರ್ಲಿಲ್ಲ" ಎಂದು ನಕ್ಕಳು. ನಾನೂ ನಕ್ಕು ಪಾಚಿಗೆ ನೀರು ಚಿಮುಕಿಸಿದೆ.

ತಾಯಿ ಗಿಡ ಅರ್ಧ ಉಳಿಯಿತು. ರಸ್ತೆಯ ಕಡೆಯ ಕೊಂಬೆಗಳೆಲ್ಲ ಒಣಗಿದವು, ಇವರೇ ಗರಗಸದಲ್ಲಿ ಕೊಯ್ದರು. ಮನೆಯ ಕಡೆಯವು ಚಿಗುರಿ, ಹಸಿರಿಗೆ ತಿರುಗಿದವು. ಎರಡನೆಯ ಮಳೆಗಾಲಕ್ಕೆ ಒಂದು ಡಬ್ಬದ ತಳದ ತೂತಿನಲ್ಲಿ ಬಿಳಿ ದಾರದಂಥದ್ದು ಇಣುಕಿತು. ಬೇರು. ಇನ್ನೊಂದರಲ್ಲೂ ಬಂತು. ಮೂರನೆಯದು ಕೊಳೆತಿತ್ತು. ಎರಡನ್ನೂ ತಾಯಿಯಿಂದ ಕತ್ತರಿಸಿ ಬೇರೆ ಮಾಡಿ, ಹಿತ್ತಿಲಿನ ನೆರಳಿಗೆ ಸಾಗಿಸಿದೆ. ನಮ್ಮ ಸುತ್ತಿನಲ್ಲಿ ಯಾರಿಂದಲೂ ಆಗದ್ದು ನನ್ನ ಅಂಗಳದಲ್ಲಿ ಆಗಿತ್ತು. ಅಂದು ಮಧ್ಯಾಹ್ನ ನಾಲ್ಕು ಸಲ ಹೋಗಿ ನೋಡಿಕೊಂಡು ಬಂದೆ.

ಮುಂದಿನ ಫೆಬ್ರವರಿಗೆ ಎರಡರಲ್ಲಿ ದೊಡ್ಡದರ ತುದಿಯಲ್ಲಿ ಮೊಗ್ಗು ಕಟ್ಟಿ, ಒಂದು ಗೊಂಚಲು ಅರಳಿತು. ಭಾವನಿಗೆ ಮಾತು ಕೊಟ್ಟವರು ಯಾರೂ ಇರಲಿಲ್ಲ, ಅವರು ಕೇಳಿದ್ದಷ್ಟೇ. ಆದರೂ ನಾನು ಮತ್ತು ನಮ್ಮವರು ಮಾತಾಡಿಕೊಂಡು ಊಟಕ್ಕೆ ಕರೆದೆವು. ಅತ್ತೆಗೆ ತಿಳಿಸಿದಾಗ ಹೂಂ ಎಂದರು. ಆ ಹೂಂ ಎಂಥದ್ದು ಎಂದು ನನಗೆ ಬಿಡಿಸಲಾಗಲಿಲ್ಲ. ಅದಕ್ಕೇ ನಾನು ಜಗಲಿಗೆ ತಂದಿಟ್ಟದ್ದು ಚಿಕ್ಕದನ್ನು, ಹೂವಿಲ್ಲದ್ದನ್ನು. ಹೂವಿರುವುದು ಅತ್ತೆಯ ಕಣ್ಣ ಮುಂದೆ ಇರಲಿ ಎಂದು.

ಹನ್ನೆರಡರ ಹೊತ್ತಿಗೆ ಭಾವ ಬಂದರು, ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನಮ್ಮವರು ಗಿಡ ಎತ್ತಿ ಅವರ ಮುಂದೆ ಹಿಡಿದರು. ಅತ್ತೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದರು. ಡಬ್ಬದ ಮೇಲೆ ಬಗ್ಗಿದರು. ಈಗ ಬೇಡ ಎನ್ನುತ್ತಾರೆ ಎಂದೇ ತಿಳಿದೆ.

"ಇದಲ್ಲ" ಎಂದರು ನನಗೆ. "ಹೂ ಇರೋದನ್ನ ತಗೊಂಡು ಬಾ. ಹೆಣ್ಣನ್ನ ಕಳಿಸೋವಾಗ ಬೋಳು ಮುಡೀಲಿ ಕಳಿಸ್ತಾರೇನವ್ವ?"

ನಾನು ಹಿತ್ತಿಲಿಗೆ ಹೋದೆ. ಹೂವಿನ ಡಬ್ಬ ಎತ್ತುವ ಮುಂಚೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ತಂದು ಅತ್ತೆಯ ಕೈಗೇ ಕೊಟ್ಟೆ. ಅವರು ಡಬ್ಬದ ಅಂಚು ಹಿಡಿದು ಭಾವನ ಕೈಗೆ ದಾಟಿಸಿದರು, ಆದರೆ ಒಂದು ಕ್ಷಣ ಬಿಡಲಿಲ್ಲ.

"ಬೇರು ಬರ್ಸಿದ್ದು ನಾನಲ್ಲ ಕಣಪ್ಪ, ನನ್ನ ಸೊಸೆ. ನಲವತ್ತು ವರ್ಷ ಇಟ್ಕೊಂಡಿದ್ದೆ, ನನ್ನ ಕೈಲಿ ಒಂದು ಮರಿ ಮಾಡೋಕಾಗ್ಲಿಲ್ಲ. ಏನಾದ್ರೂ ಆದ್ರೆ ಅವಳನ್ನ ಬಂದು ಕೇಳು. ಸುಣ್ಣ ಮಾತ್ರ ಹಾಕ್ಬೇಡ."

ಭಾವ ನಮ್ಮವರ ಕಡೆ ನೋಡಿಕೊಂಡೇ ಹೇಳಿದರು. "ಆ ಕಾಯಿಲೆ ನಮ್ಮನೆ ಕಡೆಯೋರಿಗಿಲ್ಲ ಚಿಕ್ಕವ್ವ."

ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮವರೇ. ಚಿಕ್ಕ ಗಿಡ ನಾದಿನಿಗೆ ಎಂದು ಅತ್ತೆ ಅಲ್ಲಿಯೇ ನಿಂತು ತೀರ್ಮಾನ ಮಾಡಿದರು. ಆಮೇಲಿನ ವರ್ಷಗಳಲ್ಲಿ ನಾನು ಹೂತ ಡಬ್ಬಗಳಿಂದ ಇನ್ನೂ ನಾಲ್ಕು ಮನೆಗೆ ಅತ್ತೆಯ ತವರು ಹೋಗಿದೆ, ಆನೇಮಹಲ್‌ವರೆಗೂ. ಫೆಬ್ರವರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ನಾನೂ ಈಗ ತಲೆ ಹೊರಗೆ ಹಾಕಿ ನೋಡುತ್ತೇನೆ.

ಆ ದಿನ ಊಟಕ್ಕೆ ಕಡುಬು, ನಾಟಿ ಕೋಳಿ ಸಾರು, ಅನ್ನ, ಹೀರೇಕಾಯಿ ಸಿಪ್ಪೆ ಚಟ್ನಿ, ಭಾವ ತಂದ ಬಾಳೆಹಣ್ಣು. ಭಾವ ಒಂಬತ್ತು ಕಡುಬು ತಿಂದರು. ನಮ್ಮವರು ಅವರಿಗೆ ಸರಿಸಮ ತಿನ್ನಲು ಹೋಗಿ ಏಳಕ್ಕೆ ಸೋತರು. ಅತ್ತೆ ಎಂದೂ ಎರಡರ ಮೇಲೆ ಮುಟ್ಟದವರು ಮೂರನೆಯದನ್ನು ಕೇಳಿ ಹಾಕಿಸಿಕೊಂಡರು. ಊಟವಾದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿದೆ. ಮೊದಲು ಮಲಗಿದವರು ಭಾವ, ಗಿಡವನ್ನು ತಲೆಯ ಹತ್ತಿರ ಇಟ್ಟುಕೊಂಡು, ಮೇಲೆ ಟವೆಲು ನೆರಳು ಮಾಡಿ. ಅವರ ಗೊರಕೆ ಕೇಳಿ ನಗುತ್ತಲೇ ಅತ್ತೆಗೂ ನಿದ್ದೆ ಹತ್ತಿತು. ನಮ್ಮವರು ಪೇಪರು ಮುಖದ ಮೇಲೆ ಹಾಕಿಕೊಂಡರು. ನಾನು ಪಾತ್ರೆ ತೊಳೆದು ಬಂದು, ಜಾಗ ಸಾಲದೆ, ಮೆಟ್ಟಿಲ ಮೇಲೆ ಕೂತೆ.